ಹೆಸರಿನ ಹಾಳೆ

ಮೆಹರ್ ಬಾನುವಿಗೆ ಸಿಟ್ಟು ಬೇಗ ಬರುತ್ತಿರಲಿಲ್ಲ. ಬಂದದ್ದು ಬೇಗ ಹೋಗುತ್ತಲೂ ಇರಲಿಲ್ಲ. "ನಿನ್ನ ಸಿಟ್ಟು ನಿಂಬೆ ಉಪ್ಪಿನಕಾಯಿ ಇದ್ದಂಗೈತೆ ನೋಡು ಬೇಟಿ. ಭರಣಿ ಬಾಯಿ ಕಟ್ಟಿ ಇಟ್ಟಷ್ಟೂ ಕಪ್ಪಾಗ್ತದೆ" ಎಂದು ತಾಯಿ ಮಾಬೂಬೀ ಆಗಾಗ ಅನ್ನುತ್ತಿದ್ದಳು. ಹರಿಹರದ ಮಾಲತೇಶಪ್ಪನ ಮೇಲಿನ ಸಿಟ್ಟನ್ನು ಅವಳು ಹಾಗೆಯೇ ಬಾಯಿ ಕಟ್ಟಿ ಇಟ್ಟಿದ್ದಳು. ಪಾಠ ಹೇಳುವಾಗ, ಅಕ್ಕಿ ಆರಿಸುವಾಗ, ಬಸ್ಸಿಗೆ ಕಾಯುವಾಗ ಒಮ್ಮೊಮ್ಮೆ ಮುಚ್ಚಳ ಎತ್ತಿ ನೋಡುತ್ತಿದ್ದಳು. ಅದು ಅಲ್ಲಿಯೇ ಇರುತ್ತಿತ್ತು.

ಆ ಸಿಟ್ಟು ಹುಟ್ಟುವುದಕ್ಕೆ ಎರಡು ವರ್ಷ ಮೊದಲು, ಎಂಬತ್ತೇಳರಲ್ಲಿ, ಅವಳು ಆ ಮನುಷ್ಯನನ್ನು ದೊಡ್ಡವನೆಂದು ತಿಳಿದಿದ್ದಳು.

ದಾವಣಗೆರೆಗೆ ಆಗ ಕಂಪ್ಯೂಟರ್ ಹೊಸತು. ಮಂಡಿಪೇಟೆಯ ಹಿಂದಿನ ಓಣಿಯಲ್ಲಿ, ಮೊದಲು ಬರೀ ಟೈಪಿಂಗ್ ಕಲಿಸುತ್ತಿದ್ದ ಒಂದು ಸಂಸ್ಥೆ ಎರಡು ಕಂಪ್ಯೂಟರ್ ತರಿಸಿ ಬೋರ್ಡು ಬದಲಿಸಿತ್ತು. ಮೆಹರ್ ಬಾನು ಅಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಳು. ಅವಳಿಗಿಂತ ಚಿಕ್ಕವಳಾದ ರಶೀದಾ ಟೈಪಿಂಗ್ ಕಲಿಸುತ್ತಿದ್ದಳು. ಯಂತ್ರಕ್ಕೆ ಇಂಗ್ಲಿಷ್ ಬಿಟ್ಟು ಬೇರೆ ಬರುತ್ತಿರಲಿಲ್ಲ. ಹರಿಹರದ ಸ್ಟೇಷನ್ ರಸ್ತೆಯಲ್ಲಿ, ಕಬ್ಬಿಣದ ಸಾಮಾನಿನ ಅಂಗಡಿಯೊಂದರ ಮಹಡಿಯ ಮೇಲೆ ಮಾಲತೇಶಪ್ಪ ಎಂಬವನು ಭಾನುವಾರ ಜನ ಸೇರಿಸಿ ಅದಕ್ಕೆ ಕನ್ನಡ ಬರೆಯಲು ಕಲಿಸುತ್ತಿದ್ದಾನೆ ಎಂಬ ಸುದ್ದಿ ರಶೀದಾ ತಂದಳು. ಇಬ್ಬರೂ ಬಸ್ಸು ಹತ್ತಿ ಹೋದರು.

ಕೆಲಸ ಹೀಗಿತ್ತು. ಗ್ರಾಫ್ ಹಾಳೆಯ ಚೌಕಗಳಲ್ಲಿ ಅಕ್ಷರವನ್ನು ಚುಕ್ಕೆ ಚುಕ್ಕೆಯಾಗಿ ಬಿಡಿಸಬೇಕು. ಆ ಚುಕ್ಕೆಗಳನ್ನು ಅಂಕಿಗಳಾಗಿ ಯಂತ್ರಕ್ಕೆ ಕೊಡಬೇಕು. ಪ್ರಿಂಟರಿನ ಸೂಜಿಗಳು ರಿಬ್ಬನ್ನಿನ ಮೇಲೆ ಬಡಿದಾಗ ಅಕ್ಷರ ಹಾಳೆಯ ಮೇಲೆ ಏಳುತ್ತಿತ್ತು. ಒಬ್ಬರಿಂದ ಆಗುವ ಕೆಲಸವಲ್ಲ. ಬ್ಯಾಂಕಿನವರು, ಕಾರ್ಖಾನೆಯವರು, ಮೇಷ್ಟ್ರುಗಳು ಒಬ್ಬೊಬ್ಬರು ಕೆಲವು ಅಕ್ಷರ ಹಂಚಿಕೊಂಡಿದ್ದರು. ಎಲ್ಲವೂ ಒಂದು ಮೂಲ ಫ್ಲಾಪಿಯಲ್ಲಿ ಸೇರುತ್ತಿತ್ತು. ಯಾರು ಬೇಕಾದರೂ ಅದರ ನಕಲು ಒಯ್ಯಬಹುದು. ಒಳಗೆ ಬರೆದಿದ್ದನ್ನೆಲ್ಲ ತೆರೆದು ಓದಬಹುದು, ತಿದ್ದಬಹುದು. ತಿದ್ದಿದವರು ಮಾತ್ರ ತಿದ್ದಿದ್ದನ್ನು ತಂದು ಮರಳಿ ಕೊಡಬೇಕು. ತಪ್ಪು ಕಂಡರೆ ಬಾಯಲ್ಲಿ ದೂರಿದರೆ ಸಾಲದು, ಅದನ್ನು ಪ್ರಿಂಟ್ ಹೊಡೆದು ತೋರಿಸಬೇಕು. ತಂದಿದ್ದನ್ನು ಇನ್ನೊಬ್ಬರು ನೋಡಿ ಸರಿ ಎಂದ ಮೇಲೆಯೇ ಅದು ಮೂಲಕ್ಕೆ ಹೋಗುತ್ತಿತ್ತು. ತಂದವರು ಯಾರೇ ಆಗಿರಲಿ, ಸರಿಯಿದ್ದರೆ ಬೇಡ ಅನ್ನುವಂತಿಲ್ಲ.

ಇನ್ನೊಂದು ಪದ್ಧತಿಯಿತ್ತು. ಯಂತ್ರ ಹಚ್ಚಿದ ಕೂಡಲೇ ಮೊದಲ ಹಾಳೆಯಲ್ಲಿ ಕೊಟ್ಟವರ ಹೆಸರು, ಊರು, ಕೊಟ್ಟದ್ದೇನು ಎಂಬುದು ಅಚ್ಚಾಗುತ್ತಿತ್ತು. ಹೆಸರು ನೆಟ್ಟಗೆ ಬಂದರೆ ಪ್ರಿಂಟರ್ ನೆಟ್ಟಗಿದೆ ಎಂದು ಅರ್ಥ. ಅದನ್ನು ಎಲ್ಲರೂ ಹೆಸರಿನ ಹಾಳೆ ಎನ್ನುತ್ತಿದ್ದರು.

"ಇದು ಯಾರಪ್ಪನ ಮನೇದೂ ಅಲ್ರಿ. ಎಲ್ಲಾರ್ದೂ" ಎಂದು ಮಾಲತೇಶಪ್ಪ ಮೊದಲ ದಿನವೇ ಹೇಳಿದ. ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ, ಮಾತಿಗೊಮ್ಮೆ ಕನ್ನಡಕ ಒರೆಸುವ ಅಭ್ಯಾಸ. ಮೆಹರ್ ಬಾನು ಆ ಮಾತನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಆಡಿಸಿಕೊಂಡು ಬಂದಳು.

ಅವಳು ಒತ್ತಕ್ಷರ ಕೊಡಿ ಎಂದು ಕೇಳಿದಳು. ಯಾರೂ ಅದನ್ನು ಮುಟ್ಟಿರಲಿಲ್ಲ. ಮಾಲತೇಶಪ್ಪ ನಕ್ಕ.

"ಮೊದ್ಲು ಒಂದು ಅಲ್ಪವಿರಾಮ ಮಾಡ್ಕೊಂಡು ಬರ್ರಿ ಮೇಡಂ. ಸಣ್ಣದ್ರಿಂದ ಸುರು."

ಮಾಡಿಕೊಂಡು ಹೋದಳು. "ಪ್ರಿಂಟ್ ತಂದೀರೇನು?" ಎಂದು ಕೈ ಚಾಚಿದ. ತಂದಿದ್ದಳು. ಬಾಲ ಉದ್ದವಾಯಿತೆಂದು ತಿರುಗಿ ಕಳಿಸಿದ. ಮುಂದಿನ ವಾರ ಬಾಲ ಮೋಟಾಯಿತೆಂದ. ಆಮೇಲೆ ಒಪ್ಪಿದ. ಅಂದು ಯಂತ್ರ ಕಿರ್ರೆಂದು ಹಾಳೆ ಹೊರಗೆ ದೂಡಿತು. ಕೊನೆಯ ಸಾಲಿನಲ್ಲಿ ಇತ್ತು: ಮೆಹರ್ ಬಾನು, ದಾವಣಗೆರೆ: ಅಲ್ಪವಿರಾಮ.

ಅವಳ ಅಪ್ಪ ಜಮಾಲುದ್ದೀನ್ ಚೌಕಿಪೇಟೆಯಲ್ಲಿ ಪ್ರೆಸ್ಸು ಇಟ್ಟಿದ್ದವನು. ಅರ್ಧ ಊರಿನ ಮದುವೆ ಕಾಗದ ಅಲ್ಲಿ ಅಚ್ಚಾಗಿತ್ತು. ತಂಗಿಯರ ಕಾಗದಕ್ಕೆ ಮೆಹರ್ ಬಾನು ತಾನೇ ಅಚ್ಚಿನ ಮೊಳೆ ಜೋಡಿಸಿದ್ದಳು. ಸೀಸದ ಒತ್ತಕ್ಷರಗಳಿಗೆ ಅಪ್ಪ ಬೇರೆಯೇ ಖಾನೆ ಮಾಡಿದ್ದ, ಅದು ಅವಳ ಕೈಗೆಟಕುವ ಎತ್ತರದಲ್ಲಿತ್ತು. ಅವಳ ಕಾಗದಕ್ಕೆ ಮಾತ್ರ ಕಾಲ ಕೂಡಿ ಬರಲಿಲ್ಲ. ಬಂದ ಎರಡು ಸಂಬಂಧ ತಪ್ಪಿದವು, ಅಪ್ಪ ತೀರಿಕೊಂಡ, ಪ್ರೆಸ್ಸು ಮುಚ್ಚಿತು. ಮೂವತ್ತನಾಲ್ಕು ವರ್ಷ ಅವಳ ಹೆಸರು ಎಲ್ಲಿಯೂ ಅಚ್ಚಾಗಿರಲಿಲ್ಲ. ಈಗ ಅಚ್ಚಾಗಿತ್ತು, ಅದೂ ಯಾರದೋ ಮಗಳೆಂದಲ್ಲ, ಯಾರದೋ ಹೆಂಡತಿಯೆಂದಲ್ಲ. ಅವಳು ಆ ಹಾಳೆಯನ್ನು ಕೇಳಿ ಮನೆಗೆ ತಂದಳು. ಮಾಬೂಬೀಗೆ ಓದಲು ಬರುತ್ತಿರಲಿಲ್ಲ. ಬೆರಳಿಟ್ಟು ತೋರಿಸಿದ ಕಡೆ ಮುದುಕಿ ಕಣ್ಣು ಕಿರಿದು ಮಾಡಿ ನೋಡಿದಳು. "ಇಷ್ಟ್ ಸಣ್ಣದೇನು?" ಎಂದಳು.

ಒತ್ತಕ್ಷರಗಳಿಗೆ ಒಂದು ವರ್ಷ ಹಿಡಿಯಿತು. ಮೇಲಿನ ಅಕ್ಷರದ ಅಗಲ ನೋಡಿ ಒತ್ತು ಎಲ್ಲಿ ಕೂರಬೇಕೆಂಬುದನ್ನು ಯಂತ್ರಕ್ಕೆ ತಿಳಿಸುವ ಸಾಲುಗಳನ್ನೂ ಅವಳೇ ಬರೆದಳು. ಅಂಥದ್ದು ಯಾರಿಗೂ ಹೊಳೆದಿರಲಿಲ್ಲ. ಕೊಂಬು, ಗುಡಿಸು, ತಲೆಕಟ್ಟು ರಶೀದಾ ಮಾಡಿದಳು. ಸ್ವರಗಳು ಮತ್ತು ಮೊದಲ ಇಪ್ಪತ್ತೈದು ವ್ಯಂಜನ ಮಾಲತೇಶಪ್ಪನವೇ ಆಗಿದ್ದವು. ಅವನ ಕೈ ಚೆನ್ನಾಗಿತ್ತು, ಅದನ್ನು ಅವಳೂ ಒಪ್ಪುತ್ತಿದ್ದಳು.

ಎಲ್ಲ ಮುಗಿಯಿತು ಎನ್ನುವಾಗ ಅವಳಿಗೆ ತನ್ನದೇ ಕೆಲಸದಲ್ಲಿ ಒಂದು ಊನ ಕಂಡಿತು. ಸಾಲಿನ ಕೊನೆಯಲ್ಲಿ ಒತ್ತಕ್ಷರ ಬಂದರೆ ಅದು ತನ್ನ ಅಕ್ಷರವನ್ನು ಬಿಟ್ಟು ಮುಂದಿನ ಸಾಲಿಗೆ ಜಾರಿ ಒಂಟಿಯಾಗಿ ಕೂರುತ್ತಿತ್ತು. ಕೆಲವು ದಿನ ತಲೆ ಕೆಡಿಸಿಕೊಂಡು ಸರಿಪಡಿಸಿದಳು. ಮೊದಲಿನ ಪ್ರಿಂಟು, ತಿದ್ದಿದ ಪ್ರಿಂಟು, ಫ್ಲಾಪಿ ಮೂರನ್ನೂ ಬ್ಯಾಗಿಗೆ ಹಾಕಿಕೊಂಡು ಹರಿಹರಕ್ಕೆ ಹೊರಟಳು.

ಬಸ್ಸಿಗೆ ಹೊತ್ತಿತ್ತು. ಅಶೋಕ ರಸ್ತೆಯಲ್ಲಿ ಹಾಲೇಶಪ್ಪನ ಪ್ರೆಸ್ಸಿಗೆ ಹೊಸದಾಗಿ ಕಂಪ್ಯೂಟರ್ ಬಂದಿದೆಯೆಂದು ಕೇಳಿದ್ದಳು. ಹಾಲೇಶಪ್ಪ ಅಪ್ಪನ ಕಾಲದಿಂದ ಪರಿಚಯ. ಒಳಗೆ ಹೋದಳು.

"ಬರ್ರಿ ಬರ್ರಿ, ಜಮಾಲಣ್ಣನ ಮಗಳು. ಕೂಡ್ರಿ. ನೋಡ್ರಿ ಇಲ್ಲಿ, ಮೊಳೆ ಇಲ್ದೆ ಕನ್ನಡ" ಎಂದು ಹಾಲೇಶಪ್ಪ ಹೊಸ ಅಳಿಯನನ್ನು ತೋರಿಸುವವನಂತೆ ಯಂತ್ರ ಹಚ್ಚಿದ.

ಪ್ರಿಂಟರ್ ಕಿರ್ರೆಂದಿತು. ಹೆಸರಿನ ಹಾಳೆ ಬರುತ್ತದೆಂದು ಅವಳು ಮುಂದೆ ಬಾಗಿದಳು. ಹಾಳೆ ಬಂತು. ಅದರಲ್ಲಿ ಒಂದೇ ಹೆಸರಿತ್ತು, ದೊಡ್ಡದಾಗಿ, ಸುತ್ತ ಬಳ್ಳಿಯ ಅಂಚು ಕಟ್ಟಿ: ಮಾಲತೇಶಪ್ಪ.

"ಬಾಕಿ ಹೆಸರು?" ಎಂದಳು.

"ಯಾವ ಹೆಸರಮ್ಮಾ? ಅವ್ರದೇ ಅಲ್ಲೇನು ಇದು. ಅವ್ರತ್ರಾನೇ ಕೊಂಡಿದ್ದು. ನಾನೊಬ್ನೇ ಅಲ್ಲ, ಊರಾಗ ಇನ್ನೂ ನಾಕು ಮಂದಿ ತಗಂಡಾರೆ."

"ಒಳಗ ಬರೆದಿದ್ದನ್ನ ತೆಗೆದು ನೋಡಬಹುದೇನು?"

"ಅದಕ್ಕ ಬೀಗ ಹಾಕ್ಯಾರಂತೆ. ನಮಗ್ಯಾಕ ಬೇಕು, ಹೊರಗ ಬಂದ್ರೆ ಆತು."

ಮೆಹರ್ ಬಾನು ಆ ಹೆಸರನ್ನೇ ನೋಡಿದಳು. ಕೊನೆಯ ಅಕ್ಷರದ ಕೆಳಗೆ ಕೂತಿದ್ದ ಒತ್ತು ಅವಳದು. ಅದರ ಕೊಕ್ಕೆಗೆ ಅವಳು ಒಂದು ವಾರ ಒದ್ದಾಡಿದ್ದಳು. ಅವಳದನ್ನು ತೆಗೆದರೆ ಅವನ ಹೆಸರೇ ಪೂರ್ತಿಯಾಗುವಂತಿರಲಿಲ್ಲ. ಹಾಲೇಶಪ್ಪ ಚಹಾ ತರಿಸಿದ. ಅದು ಕೆನೆಗಟ್ಟುವ ತನಕ ಅವಳು ಮುಟ್ಟಲಿಲ್ಲ.

ಹರಿಹರದ ಮಹಡಿ ಹತ್ತಿದಾಗ ಮಾಲತೇಶಪ್ಪ ಒಬ್ಬನೇ ಇದ್ದ.

"ಹೆಸರು ಯಾಕ ತೆಗೆದ್ರಿ ಸರ್?"

ಅವನಿಗೆ ಕೂಡಲೇ ತಿಳಿಯಿತು. ಕನ್ನಡಕ ತೆಗೆದು ಒರೆಸತೊಡಗಿದ. "ಅಷ್ಟು ಹೆಸರು ಕಂಡ್ರೆ ಗಿರಾಕಿ ಹೆದರ್ತಾನೆ ಮೇಡಂ. ಯಾರನ್ನ ಕೇಳ್ಬೇಕು ಅಂತಾನೆ. ಒಂದು ಹೆಸರಿದ್ರೆ ಅದು ಅಂಗಡಿ. ಹತ್ತಿದ್ರೆ ಸಂತೆ."

"ಎಲ್ಲಾರ್ದೂ ಅಂದಿದ್ರಿ."

"ಎಲ್ಲಾರ್ದೂನೇ. ನೋಡ್ಕೊಳ್ಳಾಕ ಒಬ್ರು ಬ್ಯಾಡೇನು?" ಕನ್ನಡಕ ಹಾಕಿಕೊಂಡು ಅವಳತ್ತ ನೋಡಿ ನಕ್ಕ. ಅಲ್ಪವಿರಾಮದ ದಿನ ನಕ್ಕಿದ್ದ ಹಾಗೆಯೇ. "ನೀವ್ಯಾಕ ಇಷ್ಟು ಮನಸ್ಸಿಗೆ ಹಚ್ಕೋತೀರಿ? ನಿಮ್ದೇನು ಅದ್ರಾಗ, ಕಾಲ್ಕೆಳಗಿನ ಅಕ್ಷರ."

ಅವಳ ಕೈ ಬ್ಯಾಗಿನೊಳಗೆ ಫ್ಲಾಪಿಯ ಮೇಲಿತ್ತು. ಇನ್ನು ಎರಡು ತಿಂಗಳಿಗೆ ಲಗ್ನಗಳು ಸುರುವಾಗುತ್ತವೆ. ಊರ ತುಂಬ ಮದುವೆ ಕಾಗದ ಇವನ ಫ್ಲಾಪಿಯಿಂದಲೇ ಹೊರಡುತ್ತವೆ. ಸಾಲಿನ ಕೊನೆಯ ಊನ ಇವನಿಗೆ ಗೊತ್ತಿಲ್ಲ, ಗೊತ್ತಾದರೂ ಸರಿಪಡಿಸಲು ಬರುವುದಿಲ್ಲ, ಏಕೆಂದರೆ ಆ ಸಾಲುಗಳನ್ನು ಇವನು ಒಮ್ಮೆಯೂ ಓದಿಲ್ಲ. ಕೊಂಡವರು ಯಾರಾದರೂ ಸರಿಪಡಿಸೋಣವೆಂದರೆ ಬೀಗ ಹಾಕಿದ್ದಾನೆ. ಇಷ್ಟೂ ಅವಳ ಮನಸ್ಸಿನಲ್ಲಿ ಒಂದರ ಹಿಂದೊಂದು ಬಂದು ನಿಂತಿತು. ಅವಳು ಫ್ಲಾಪಿಯಿಂದ ಕೈ ತೆಗೆದು ಬ್ಯಾಗಿನ ಬಾಯಿ ಎಳೆದಳು.

"ಹೌದು ಸರ್, ಕಾಲ್ಕೆಳಗಿಂದೇ" ಎಂದು ಮೆಟ್ಟಿಲಿಳಿದಳು.

ಬಸ್ಸು ತುಂಗಭದ್ರೆಯನ್ನು ಬೆನ್ನಿಗೆ ಬಿಟ್ಟು ಹೊರಟಾಗ ಅವಳಿಗೆ ಅಳು ಬರಬೇಕಿತ್ತು. ಬರಲಿಲ್ಲ. ಹಸಿವಾಯಿತು. ದಾವಣಗೆರೆಯಲ್ಲಿ ಇಳಿದವಳೇ ಖಾರದ ಮಂಡಕ್ಕಿ ಕಟ್ಟಿಸಿಕೊಂಡು ನಡೆದುಕೊಂಡೇ ಮನೆಗೆ ಹೋದಳು.

ಅವಳು ಕಾದ ಹಾಗೆಯೇ ಆಯಿತು. ಲಗ್ನಗಳು ಸುರುವಾಗಿ ವಾರ ಕಳೆದಿರಲಿಲ್ಲ, ಹಾಲೇಶಪ್ಪ ಸಂಸ್ಥೆಯ ಬಾಗಿಲಿಗೆ ಬಂದು ಒಂದು ಕಾಗದ ಮೇಜಿನ ಮೇಲೆ ಹರಡಿದ. ಮದುಮಗನ ಅಜ್ಜನ ಹೆಸರಿನ ಕಾಲು ಕಳಚಿ ಮುಂದಿನ ಸಾಲಿನ ತುದಿಗೆ ಬಿದ್ದಿತ್ತು.

"ಕಾಗದ ಹಂಚಿ ಆಗೈತಮ್ಮಾ. ಅಜ್ಜ ಕೋಲು ಹಿಡ್ಕೊಂಡು ಬಂದು ನನ್ನ ಕಾಲು ಎಲ್ಲಿ ಅಂತ ಕೇಳ್ತಾನೆ. ಮಾಲತೇಶಪ್ಪಂಗೆ ಹೇಳಿದ್ರೆ ನಿಮ್ಮ ಪ್ರಿಂಟರ್ ಸರಿ ಇಲ್ಲ ಅಂತಾನೆ. ಐದೂ ಪ್ರೆಸ್ಸಿನ ಪ್ರಿಂಟರು ಒಟ್ಟಿಗೆ ಕೆಡ್ತಾವೇನು?"

ಮೆಹರ್ ಬಾನು ಕಾಗದವನ್ನು ಎತ್ತಿ ಬೆಳಕಿಗೆ ಹಿಡಿದಳು. ಸಂಕಟದ ಮುಖ ಮಾಡಿದಳು. ಒಳಗೆ ಏನೋ ಬೆಚ್ಚಗೆ ಹರಿಯಿತು. ಪಾಪ ಆ ಅಜ್ಜನದೇನು ತಪ್ಪು ಎಂಬುದೂ ಹೊಳೆಯಿತು. ಹೊಳೆದದ್ದನ್ನು ಪಕ್ಕಕ್ಕಿಟ್ಟಳು.

"ಸ್ವಲ್ಪ ತಡೀರಿ ಕಾಕಾ. ಬೇರೆ ಒಂದು ಬರ್ತದೆ" ಎಂದಳು.

ಭಾನುವಾರದ ಸಭೆ ಅಂದಿನಿಂದ ದಾವಣಗೆರೆಯಲ್ಲಿ, ಸಂಸ್ಥೆಯ ಮಹಡಿಯ ಕೋಣೆಯಲ್ಲಿ ಸೇರತೊಡಗಿತು. ಹೆಸರು ಕಳೆದುಕೊಂಡವರನ್ನೆಲ್ಲ ಅವಳು ಒಬ್ಬೊಬ್ಬರನ್ನೇ ಹುಡುಕಿ ಕರೆದಳು. ಹಳೆಯ, ಬೀಗವಿಲ್ಲದ ನಕಲು ಎಲ್ಲರ ಹತ್ತಿರವೂ ಇತ್ತು. ಅದನ್ನೇ ಹೊಸ ಮೂಲ ಮಾಡಿ ಸಾಲಿನ ಕೊನೆಯ ತಿದ್ದುಪಡಿ ಸೇರಿಸಿದರೆ ಒಂದು ದಿನದ ಕೆಲಸ. ಆದರೆ ಅವಳು ಹಾಗೆ ಮಾಡಲಿಲ್ಲ. ಮಾಲತೇಶಪ್ಪನ ಅಕ್ಷರಗಳಿದ್ದರೆ ಅವನ ಹೆಸರೂ ಇರಬೇಕಾಗುತ್ತದೆ, ಪದ್ಧತಿ ಹಾಗಿದೆ. ಅದಕ್ಕೆ ಅವನ ಅಷ್ಟೂ ಅಕ್ಷರಗಳನ್ನು ಹೊಸದಾಗಿ ಬರೆಯಲು ಕೂತಳು.

"ಇದು ಚೆನ್ನಾಗೇ ಐತಲ್ಲ ಆಪಾ, ಯಾಕ ಮತ್ತ ಬರೀತಿ?" ಎಂದು ರಶೀದಾ ಗ್ರಾಫ್ ಹಾಳೆಯ ಮೇಲೆ ಬಾಗಿ ಕೇಳಿದಳು.

"ಅವನ ಒಂದು ಚುಕ್ಕೆನೂ ಬ್ಯಾಡ ನಂಗೆ."

"ಅವರದ್ದು ದುಂಡಗೈತೆ. ನಿಂದು ಸಿಟ್ಟು ಮಾಡ್ಕೊಂಡಂಗೈತೆ."

"ಹಂಗೇ ಇರ್ಲಿ."

ಆ ದಿನಗಳಲ್ಲಿ ಅವಳಿಗೆ ಆಯಾಸವೇ ಆಗಲಿಲ್ಲ. ಅವನ ಒಂದೊಂದು ಅಕ್ಷರ ಅಳಿಸಿ ತನ್ನದನ್ನು ಕೂರಿಸಿದಾಗ ಹಲ್ಲಿನ ಸಂದಿಯಲ್ಲಿ ಸಿಕ್ಕಿದ್ದು ಹೊರಬಂದಷ್ಟು ಹಗುರಾಗುತ್ತಿತ್ತು. ಕೊನೆಯದನ್ನು ಅಳಿಸಿದ ಮೇಲೆ ಫ್ಲಾಪಿಗಳನ್ನು ನಕಲು ಮಾಡಿ ಹಾಲೇಶಪ್ಪನಿಗೂ ಉಳಿದ ಪ್ರೆಸ್ಸುಗಳಿಗೂ ಸುಮ್ಮನೆ ಕೊಟ್ಟಳು. ಕರಾರು ಒಂದೇ: ಹೆಸರಿನ ಹಾಳೆ ತೆಗೆಯಕೂಡದು. ಬೀಗವಿಲ್ಲ, ಬೆಲೆಯಿಲ್ಲ, ಕಾಲು ಕಳಚುವುದೂ ಇಲ್ಲ. ಮಳೆಗಾಲ ಬರುವಷ್ಟರಲ್ಲಿ ಮಾಲತೇಶಪ್ಪನ ಫ್ಲಾಪಿ ಕೇಳುವವರು ಇರಲಿಲ್ಲ.

ಒಂದು ದಿನ ಕೆಲಸವಿಲ್ಲದಿದ್ದರೂ ಹರಿಹರಕ್ಕೆ ಹೋಗಿ ಸ್ಟೇಷನ್ ರಸ್ತೆಯಲ್ಲಿ ನಡೆದಳು. ಮಹಡಿಯ ಕಿಟಕಿ ಅರ್ಧ ತೆರೆದಿತ್ತು. ಕಿಟಕಿಗೆ ಆನಿಸಿಟ್ಟಿದ್ದ ಯಂತ್ರಕ್ಕೆ ಹಳೆಯ ಟವೆಲ್ಲು ಹೊದಿಸಿತ್ತು. ಕೆಳಗಿನ ಅಂಗಡಿಯಲ್ಲಿ ಒಂದು ಚಿಲಕ ಕೊಂಡು, ನಿಧಾನವಾಗಿ, ಇನ್ನೊಮ್ಮೆ ತಲೆಯೆತ್ತಿ ನೋಡಿ ಬಂದಳು. ಆ ಚಿಲಕಕ್ಕೆ ಮನೆಯಲ್ಲಿ ಬಾಗಿಲೇ ಇರಲಿಲ್ಲ.

ಮುಂದಿನ ವರ್ಷದ ಲಗ್ನಗಳಿಗೆ ಮುಂಚೆ, ಒಂದು ಭಾನುವಾರ, ಮಾಲತೇಶಪ್ಪ ದಾವಣಗೆರೆಯ ಆ ಕೋಣೆಯ ಬಾಗಿಲಲ್ಲಿ ನಿಂತಿದ್ದ. ಯಾರೋ ಕುರ್ಚಿ ಸರಿಸಿದರು. ಮೆಹರ್ ಬಾನು ಏಳಲಿಲ್ಲ.

"ನಾನೂ ಈಗ ನಿಮ್ಮ ಫ್ಲಾಪಿನೇ ಹಾಕ್ತೀನ್ರಿ" ಎಂದ, ಯಾರನ್ನೂ ನೋಡದೆ. "ಥ ಅಕ್ಷರದ ಹೊಟ್ಟೆಯೊಳಗಿನ ಚುಕ್ಕೆ ಗೋಡೆಗೆ ಅಂಟ್ತದೆ. ರಿಬ್ಬನ್ ಹೊಸದಿದ್ರೆ ಹೊಟ್ಟೇನೇ ಮುಚ್ಚಿ ಹೋಗ್ತದೆ. ನನ್ನ ನಕಲಿನಾಗ ತಿದ್ಕೊಂಡೀನಿ. ನೀವು ಪ್ರತಿಸಲ ಹೊಸದು ಕಳಿಸ್ದಾಗ ನನ್ನ ತಿದ್ದಿದ್ದು ಅಳಿಸಿ ಹೋಗ್ತದೆ, ಮತ್ತ ತಿದ್ದಬೇಕು. ಮೂಲದಾಗೇ ಸೇರಿಸ್ಕೊಂಡ್ರೆ..."

ಈ ಗಳಿಗೆಯನ್ನು ಅವಳು ಎಷ್ಟೋ ಸಲ ಮನಸ್ಸಿನಲ್ಲಿ ಆಡಿದ್ದಳು. ಅವನು ಕೇಳುತ್ತಾನೆ, ಇವಳು ಇಲ್ಲ ಎನ್ನುತ್ತಾಳೆ. ಒಂದೇ ಮಾತು. ಈಗ ಅದನ್ನು ಅವಸರದಲ್ಲಿ ಮುಗಿಸಲು ಮನಸ್ಸಾಗಲಿಲ್ಲ.

"ಪ್ರಿಂಟ್ ತಂದೀರೇನು?" ಎಂದು ಕೈ ಚಾಚಿದಳು.

ರಶೀದಾ ತಲೆ ತಗ್ಗಿಸಿ ನಗು ನುಂಗಿದಳು. ಮಾಲತೇಶಪ್ಪ ಹಾಳೆ ಕೊಟ್ಟ. ಮೆಹರ್ ಬಾನು ತಿರುಗಿಸಿ ಮುರುಗಿಸಿ ನೋಡಿದಳು.

"ಹಳೇ ರಿಬ್ಬನ್ನಿನಾಗ ಹೊಡೆದೀರಿ ಸರ್. ಹೊಸದ್ರಾಗ ಹೊಡ್ಕೊಂಡು ಬರ್ರಿ."

ಅವನು ಹೋದ. ಮುಂದಿನ ಭಾನುವಾರ ಬಂದ. ತಿದ್ದುವ ಮುಂಚಿನ ಹಾಳೆ ಎಲ್ಲಿ ಎಂದು ತಿರುಗಿ ಕಳಿಸಿದಳು. ಮತ್ತೆ ಬಂದಾಗ ಎರಡೂ ಹಾಳೆ ಇದ್ದವು, ಅಂಗಿಯ ಬೆನ್ನು ಬೆವರಿನಿಂದ ಒದ್ದೆಯಾಗಿತ್ತು. ಇನ್ನು ಕಳಿಸಲು ನೆಪ ಉಳಿದಿರಲಿಲ್ಲ. ಹಾಳೆಗಳನ್ನು ರಶೀದಾಳ ಮುಂದೆ ತಳ್ಳಿದಳು. ನೋಡುವವಳು ರಶೀದಾ, ಅದೂ ಪದ್ಧತಿ.

ರಶೀದಾ ಹಾಳೆಗಳನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. "ಸರಿ ಐತೆ" ಎಂದಳು. ಆಮೇಲೆ ಬಾಗಿ, ಇವಳಿಗೊಬ್ಬಳಿಗೇ ಕೇಳುವಂತೆ, "ಆಪಾ, ಇದು ಅವರ ಹಳೇ ಚುಕ್ಕೆನೇ. ನೀನು ಅಳಿಸೋಕ ಮುಂಚೆ ಇಲ್ಲೇ ಇತ್ತು" ಎಂದಳು.

ಮೆಹರ್ ಬಾನು ನೋಡಿದಳು. ಇತ್ತು, ನಿಜ. ದುಂಡಗಿನ ಹೊಟ್ಟೆಯ ನಟ್ಟನಡುವೆ. ಸಿಟ್ಟಿನಲ್ಲಿ ಹೊಸದಾಗಿ ಬರೆಯುವಾಗ ಅವಳೇ ಅದನ್ನು ಪಕ್ಕದ ಚೌಕಕ್ಕೆ ಇಟ್ಟಿದ್ದಳು, ಅವನದರ ಹಾಗೆ ಇರಬಾರದು ಎಂದು. ಒಂದು ವರ್ಷದಿಂದ ಊರಿನ ಮದುವೆ ಕಾಗದಗಳಲ್ಲಿ ಆ ಹೊಟ್ಟೆ ಮುಚ್ಚಿಕೊಂಡೇ ಹೋಗಿತ್ತು. ತಲೆಯೆತ್ತಿ ಮಾಲತೇಶಪ್ಪನ ಮುಖ ನೋಡಿದಳು. ಅವನಿಗೂ ಗೊತ್ತಿತ್ತು. ತನ್ನ ಚುಕ್ಕೆ ಅವನಿಗೆ ಗುರುತಾಗದೆ ಇರುತ್ತದೆಯೇ? ಅದನ್ನೊಂದು ಮಾತು ಅಂದಿದ್ದರೆ, ಜಗಳ ತೆಗೆದಿದ್ದರೆ, ಉತ್ತರ ಸಿದ್ಧವಿತ್ತು. ಅವನು ಅನ್ನಲಿಲ್ಲ. ಕನ್ನಡಕವನ್ನೂ ಒರೆಸಲಿಲ್ಲ. ಆ ಸುಮ್ಮನಿರುವಿಕೆ ಅವನ ಹಳೆಯ ನಗುವಿಗಿಂತ ಅವಳನ್ನು ಹೆಚ್ಚು ಉರಿಸಿತು.

ಇಲ್ಲ ಎನ್ನಬಹುದಿತ್ತು. ಮೂಲ ಫ್ಲಾಪಿ ಅವಳ ಕೈಯಲ್ಲಿತ್ತು, ಕೋಣೆಯಲ್ಲಿ ಯಾರೂ ಎದುರಾಡುತ್ತಿರಲಿಲ್ಲ. ಆದರೆ ಸರಿಯಿದ್ದದ್ದನ್ನು ಬೇಡ ಎಂದರೆ ಆ ಫ್ಲಾಪಿ ಅವಳಪ್ಪನ ಮನೆಯದಾಗುತ್ತಿತ್ತು. ಯಾರಪ್ಪನ ಮನೆಯದೂ ಅಲ್ಲ ಎಂದು ಮೊದಲ ದಿನ ಹೇಳಿದವನೇ ಎದುರಿಗೆ ಕೂತಿದ್ದ. ಹಾಗೆ ಯೋಚಿಸುತ್ತಿರುವಾಗ ಪದ್ಧತಿಯ ಇನ್ನೊಂದು ತುದಿ ಅವಳ ಕೈಗೆ ಸಿಕ್ಕಿತು.

"ಸರಿ ಐತೆ ಅಂದ್ಮೇಲೆ ಸೇರಿಸ್ಬೇಕು" ಎಂದು ಯಂತ್ರದ ಕಡೆ ತಿರುಗಿದಳು.

ಅವಳು ಏನು ಮಾಡುತ್ತಿದ್ದಾಳೆಂದು ಮಾಲತೇಶಪ್ಪನಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೆ ಎದ್ದು ನಿಂತ.

"ಹೆಸರು ಬ್ಯಾಡ್ರಿ ಮೇಡಂ. ತಿದ್ದಿದ್ರೆ ಸಾಕು."

"ಹೆಸರು ತೆಗಿಯೋದು ನಮ್ಮಲ್ಲಿ ಇಲ್ಲ ಸರ್."

"ಕೊಟ್ಟವ್ನೇ ಬ್ಯಾಡ ಅಂತೀನಲ್ರಿ."

"ನಮ್ಮ ಹೆಸರು ತೆಗಿಯೋವಾಗ ನೀವು ನಮ್ಮನ್ನ ಕೇಳಿದ್ರೇನು?"

ಪ್ರಿಂಟರ್ ಕಿರ್ರೆಂದಿತು. ಹೆಸರುಗಳು ಒಂದರ ಕೆಳಗೊಂದು ಇಳಿದವು. ಒತ್ತಕ್ಷರ ಕೊಟ್ಟವಳು, ಕೊಂಬು ಗುಡಿಸು ಕೊಟ್ಟವಳು, ಬ್ಯಾಂಕಿನವರು, ಕಾರ್ಖಾನೆಯವರು, ಕಳೆದ ತಿಂಗಳು ಆವರಣ ಚಿಹ್ನೆ ತಂದಿದ್ದ ಮೇಷ್ಟ್ರು. ಎಲ್ಲರ ಕೆಳಗೆ, ಎಲ್ಲರಷ್ಟೇ ಅಳತೆಯ ಅಕ್ಷರದಲ್ಲಿ, ಬಳ್ಳಿಯ ಅಂಚಿಲ್ಲದೆ:

ಮಾಲತೇಶಪ್ಪ, ಹರಿಹರ: ಒಂದು ಚುಕ್ಕೆ.

ಅದರಲ್ಲಿ ಸುಳ್ಳೇನೂ ಇರಲಿಲ್ಲ. ಯಾರು ಎಷ್ಟು ಕೊಟ್ಟರೋ ಅಷ್ಟೇ ಬರೆಯಬೇಕು, ಅಷ್ಟೇ ಬರೆದಿದ್ದಳು. ಅವನು ಬಾಗಿ ಓದಿದ. ಇನ್ನೊಮ್ಮೆ ಓದಿದ. ಕೈ ಚಾಚಿ ಹಾಳೆಯನ್ನು ಪ್ರಿಂಟರಿನಿಂದ ಹರಿದು, ಮಡಚಿ ಅಂಗಿಯ ಜೇಬಿಗೆ ತುರುಕಿದ.

"ಹರ್ಕೊಂಡು ಹೋಗ್ರಿ ಸರ್" ಎಂದಳು ಮೆಹರ್ ಬಾನು, ಮೆತ್ತಗೆ. "ನಾಳೆ ಬೆಳಿಗ್ಗೆ ಎಲ್ಲಾ ಪ್ರೆಸ್ಸಿನಾಗೂ ಹೊಸದು ಬರ್ತದೆ. ದಿನಾ ಬರ್ತದೆ."

ಅವನು ಮೆಟ್ಟಿಲಿಳಿಯುವ ಸದ್ದು ಪೂರ್ತಿ ನಿಲ್ಲುವವರೆಗೆ ಅವಳು ಕಿವಿಗೊಟ್ಟು ಕೂತಿದ್ದಳು.

ಮನೆಯಲ್ಲಿ ಮಾಬೂಬೀ ಮಗಳ ಮುಖ ನೋಡಿಯೇ, "ಏನು, ಭರಣಿ ಖಾಲಿ ಆತೇನು?" ಎಂದಳು.

"ತಳದಾಗ ಸ್ವಲ್ಪ ಐತೆ ಅಮ್ಮಿ."

ಲಗ್ನಗಳು ಸುರುವಾದ ಮೇಲೆ ಪಕ್ಕದ ಮನೆಯವರು ಒಂದು ಕಾಗದ ಕೊಟ್ಟು ಹೋದರು. ಹಾಲೇಶಪ್ಪನಲ್ಲಿ ಅಚ್ಚಾಗಿದ್ದು. ಮೆಹರ್ ಬಾನು ಮದುಮಕ್ಕಳ ಹೆಸರು ಓದಲಿಲ್ಲ. ಅತಿಥಿಗಳು ಎಂದಿದ್ದ ಸಾಲು ಹುಡುಕಿದಳು. ಹೊಟ್ಟೆಯ ನಟ್ಟನಡುವೆ, ಯಾವ ಗೋಡೆಗೂ ತಾಗದೆ, ಚುಕ್ಕೆ ಕೂತಿತ್ತು. ಹೆಬ್ಬೆರಳಿನಿಂದ ಅದನ್ನು ಒಮ್ಮೆ ಉಜ್ಜಿ ನೋಡಿದಳು. ಹೋಗಲಿಲ್ಲ.